ಕಲ್ಲಿಡದ ದಿಮ್ಮಿ

ಟೈಲರಣ್ಣನ ಬಗ್ಗೆ ಊರಿನವರು ಎರಡು ಮಾತು ಹೇಳುತ್ತಿದ್ದರು. ಒಂದು, ಹೇಳಿದ ದಿನಕ್ಕೆ ಅವನು ಬಟ್ಟೆ ಹೊಲಿದು ಕೊಟ್ಟದ್ದನ್ನು ಕಂಡವರಿಲ್ಲ. ಎರಡು, ಕೊಟ್ಟ ಬಟ್ಟೆಯಲ್ಲಿ ಅವನು ಒಂದು ಬೆರಳಗಲ ಚೂರನ್ನಾದರೂ ಉಳಿಸಿಕೊಂಡದ್ದನ್ನು ಕಂಡವರೂ ಇಲ್ಲ. ಅಂಗಿ ಹೊಲಿದು ಮಿಕ್ಕಿದ ಚಿಂದಿಯನ್ನೆಲ್ಲ ಗುಡ್ಡೆ ಮಾಡಿ, ಪುಟ್ಟ ಗಂಟು ಕಟ್ಟಿ, ಆ ಅಂಗಿಯ ಜೇಬಿಗೇ ತುರುಕಿ ಕೊಡುತ್ತಿದ್ದ. "ನನಗ್ಯಾಕಪ್ಪಾ ಇದು?" ಅಂದರೆ, "ಎಸೆಯೋದಾದ್ರೆ ನೀವೇ ಎಸೀರಿ. ಟೈಲರ್ ನುಂಗಿದ ಅಂತ ಆಮೇಲೆ ಯಾರೂ ಅನ್ನಬಾರದು" ಅನ್ನುತ್ತಿದ್ದ. ಟೈಲರುಗಳೆಲ್ಲ ಬಟ್ಟೆ ಕದಿಯುವವರೆಂದು ಲೋಕ ಎಂದೋ ತೀರ್ಪು ಕೊಟ್ಟುಬಿಟ್ಟಿದೆ. ಆ ತೀರ್ಪಿನ ಮೇಲೆ ಮೂವತ್ತು ವರ್ಷದಿಂದ ಒಬ್ಬನೇ ಅಪೀಲು ಹೂಡಿಕೊಂಡು ಕೂತಿದ್ದ ಮನುಷ್ಯ ಅವನು.

ಇಂಥವನು ಒಂದು ಸೋಮವಾರ ಹಾಡಹಗಲಲ್ಲಿ ಊರಿನ ಸೇತುವೆಯನ್ನೇ ಕಿತ್ತು ಮನೆಗೆ ತಂದ.

ಎಲ್ಲಕ್ಕೂ ಮೂಲ ಹೆಂಡತಿಯ ಅಣ್ಣ. ಚಳಿಗಾಲ ಬಂತೆಂದರೆ ಅವರು ಹದಿನೈದು ದಿನ ಇಲ್ಲಿಗೆ ಬಂದು ಇರುತ್ತಿದ್ದರು, ಇದ್ದಷ್ಟು ದಿನವೂ ಭಾವನನ್ನು ರಿಪೇರಿ ಮಾಡುತ್ತಿದ್ದರು. ಅವರೂ ಇವನನ್ನು ಭಾವ ಎಂದೇ ಕರೆಯುತ್ತಿದ್ದರು, ಇವನೂ ಅವರನ್ನು ಭಾವ ಎಂದೇ ಕರೆಯುತ್ತಿದ್ದ. ಆದರೆ ಅವರ ಬಾಯಲ್ಲಿ ಆ ಪದ 'ಪಾಪ' ಅಂದ ಹಾಗೆ ಕೇಳುತ್ತಿತ್ತು. ಆ ಸಲ ಬಚ್ಚಲಿನ ನೀರು ಕಾಯಿಸುವ ಕರೆಂಟಿನ ಸುರುಳಿ ಸುಟ್ಟುಹೋಯಿತು. ಹೆಂಡತಿಗೆ ಮಂಡಿನೋವು, ಬಿಸಿನೀರು ಬೇಕೇ ಬೇಕು.

"ಯೋಚನೆ ಮಾಡಬೇಡಮ್ಮಾ," ಅಂದರು ಅಣ್ಣ. "ಆಚೆಕೇರಿಯಲ್ಲಿ ನನ್ನ ಸ್ನೇಹಿತನ ಹತ್ರ ಹಳೇ ಗೀಸರ್ ಇದೆ. ನಾಳೆ ನಾನೇ ಹೋಗಿ ತರ್ತೀನಿ. ಪಾಪ, ಭಾವನ ಕೈಲಿ ಏನಾಗತ್ತೆ? ಸೂಜಿಗೆ ದಾರ ಪೋಣಿಸೋಕೂ ಈಗ ಎರಡು ಕನ್ನಡಕ ಬೇಕು."

ಟೈಲರಣ್ಣ ಎದ್ದು ನಿಂತ. ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿತ್ತು. "ಯಾರ ಗೀಸರೂ ಬೇಡ. ಬಚ್ಚಲಲ್ಲಿ ಒಲೆ ಇದೆ, ಹಂಡೆ ಇದೆ. ಕಾಡಲ್ಲಿ ಸೌದೆ ಇದೆ. ನಾಳೆ ನಾನೇ ತರ್ತೀನಿ."

"ಕಾಡು ಯಾವ ಕಡೆ ಇದೆ ಅಂತ ಗೊತ್ತಾ ಭಾವ?"

ಪ್ರಶ್ನೆ ಕುಚೋದ್ಯದ್ದೇ. ಆದರೆ ಅದಕ್ಕೆ ಅವತ್ತೇ ಸರಿಯಾದ ಉತ್ತರ ಸಿಕ್ಕಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಟೈಲರಣ್ಣ ಹಗ್ಗ, ಸೈಕಲ್ಲು, ಟೇಪು ಸಮೇತ ಹೊರಟ. ಕಾಡಿನ ಅಂಚಿನಲ್ಲಿ ಸೌದೆ ಹೊರುವ ಹೆಂಗಸರು ಸಿಕ್ಕರು. ಎಲ್ಲರೂ ಹಳ್ಳದಾಚೆಗಿನ ಆಚೆಕೇರಿಯವರು. ಅವರಿಗೆಲ್ಲ ಹಿರಿಯಳಾದ ಅಜ್ಜಿಯೊಬ್ಬಳು ಇವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಮರಕ್ಕೆ ಅಂಗಿ ಹೊಲಿಯೋಕೆ ಬಂದ್ಯೇನಪ್ಪ?"

"ಸೌದೆಗೆ ಬಂದೆ ಅಜ್ಜಿ."

"ಹಂಗಾದ್ರೆ ಕೇಳು. ಒಣಗಿ ಬಿದ್ದದ್ದನ್ನ ಮಾತ್ರ ತಗೋ. ಮೇಲೆ ಕಲ್ಲಿಟ್ಟಿದ್ರೆ ಅದನ್ನ ಯಾರೋ ಆಗಲೇ ನೋಡಿಟ್ಟಿದ್ದಾರೆ ಅಂತ ಅರ್ಥ, ಮುಟ್ಟಬೇಡ. ಕಲ್ಲಿಲ್ಲ ಅಂದ್ರೆ ಧಾರಾಳವಾಗಿ ತಗೊಂಡು ಹೋಗು, ಯಾರೂ ಕೇಳಲ್ಲ. ಇಷ್ಟೇ ನಮ್ಮ ಕಾನೂನು."

ಟೈಲರಣ್ಣನಿಗೆ ಈ ಕಾನೂನು ಬಹಳ ಹಿಡಿಸಿತು. ಇಷ್ಟು ನಿಯತ್ತಿನ ವ್ಯವಹಾರ ಅವನು ಬಟ್ಟೆ ಅಂಗಡಿಯಲ್ಲೂ ಕಂಡಿರಲಿಲ್ಲ. ತೊಂದರೆ ಏನೆಂದರೆ, ನೋಡಿದ ಒಳ್ಳೆಯ ಸೌದೆಯ ಮೇಲೆಲ್ಲ ಒಂದೊಂದು ಕಲ್ಲು ಕೂತಿತ್ತು. ಕಲ್ಲಿಲ್ಲದ್ದೆಲ್ಲ ಗೆದ್ದಲು ತಿಂದದ್ದು. ಒಂದು ಒಳ್ಳೆಯ ಕೊಂಬೆಯ ಮೇಲೆ ಕಲ್ಲಿಲ್ಲವೆಂದು ಹಿಗ್ಗಿ ಎಳೆದರೆ, ಕಲ್ಲು ಉರುಳಿ ಪಕ್ಕಕ್ಕೆ ಬಿದ್ದಿತ್ತು. ಅದನ್ನೆತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟು ಮುಂದೆ ಹೋದ. ಹೀಗೆ ಸುತ್ತಿ ಸುತ್ತಿ ಹೊತ್ತು ನೆತ್ತಿಗೇರಿತು, ಊರು ಯಾವ ದಿಕ್ಕಿಗಿದೆ ಎನ್ನುವುದೂ ಮರೆತುಹೋಯಿತು. ಕೊನೆಗೆ ಮುಳ್ಳುಪೊದೆಗಳ ನಡುವಿನಿಂದ ಒಂದು ಹಳ್ಳದ ದಂಡೆಗೆ ಬಂದು ಬಿದ್ದ. ನೋಡುತ್ತಾನೆ: ಹಳ್ಳಕ್ಕೆ ಅಡ್ಡಲಾಗಿ, ಎರಡೂ ತುದಿ ದಂಡೆಗೆ ಆತು, ಬಿಸಿಲಿಗೆ ಚೆನ್ನಾಗಿ ಒಣಗಿ, ತೊಗಟೆಯೆಲ್ಲ ಉದುರಿ, ನೆಟ್ಟಗೆ ಮಲಗಿದೆ ಒಂದು ದಿಮ್ಮಿ!

ಈ ತುದಿಯಿಂದ ಆ ತುದಿಯವರೆಗೆ ಹುಡುಕಿದ. ಕಲ್ಲಿಲ್ಲ. ಉರುಳಿ ಬಿದ್ದಿರಬಹುದೆಂದು ಕೆಳಗಿನ ನೀರಿನಲ್ಲೂ ಇಣುಕಿದ. ಅನುಮಾನವೇ ಬೇಡವೆಂದು ದಿಮ್ಮಿಯ ಮೇಲೆ ನಡೆದುಹೋಗಿ ಆಚೆ ದಂಡೆಯಲ್ಲೂ ನೋಡಿ, ಅದರ ಮೇಲೇ ನಡೆದು ವಾಪಸು ಬಂದ. ಹಾಗೆ ನಡೆದು ಹೋಗಿ ಬಂದಾಗಲೂ ಅದು ಏನು ಎನ್ನುವುದು ಆ ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಆಚೆಕೇರಿಯ ಗಿರಾಕಿಗಳೇ ಅಂಗಡಿಗೆ ಬರುತ್ತಿದ್ದರಿಂದ ಅವನು ಎಂದೂ ಆ ಕಡೆ ಕಾಲಿಟ್ಟವನಲ್ಲ. ಟೇಪು ಹಿಡಿದು ಅಳೆದ: ಹನ್ನೊಂದೂವರೆ ಅಡಿ. 'ನೆಲದ ತೇವ ತಾಗದ ಹಾಗೆ ಎಷ್ಟು ಅಚ್ಚುಕಟ್ಟಾಗಿ ಬಿದ್ದಿದೆ! ಈ ಜನಕ್ಕೆ ಕಣ್ಣಿಲ್ಲ' ಎಂದುಕೊಂಡ.

ತುದಿಗೆ ಹಗ್ಗ ಕಟ್ಟಿ ಎಳೆದ. ದಿಮ್ಮಿ ಧೊಪ್ಪೆಂದು ನೀರಿಗೆ ಬಿದ್ದು ತೇಲಿತು. ನೀರು ತೊಡೆಯ ಮಟ್ಟದ್ದು. ದಿಮ್ಮಿ ತೇಲುತ್ತಾ ಮುಂದೆ, ಹಗ್ಗ ಹಿಡಿದ ಟೈಲರಣ್ಣ ದಂಡೆಯ ಮೇಲೆ ಸೈಕಲ್ಲು ತಳ್ಳುತ್ತಾ ಹಿಂದೆ. ಊರ ಪಕ್ಕ ಬಟ್ಟೆ ಒಗೆಯುವ ಮೆಟ್ಟಿಲಿನ ಹತ್ತಿರ ಅದನ್ನು ಮೇಲೆಳೆದು, ಸೈಕಲ್ಲಿಗೆ ಉದ್ದಕ್ಕೆ ಬಿಗಿದ. ಸೈಕಲ್ಲು ಎಷ್ಟಿತ್ತೋ ಅದರ ಎರಡರಷ್ಟು ಸೌದೆ.

ನೇರ ರಸ್ತೆಯಲ್ಲಿ ತೊಂದರೆಯಿರಲಿಲ್ಲ. ತಿರುವಿನಲ್ಲಿ ಮುಂದಿನ ತುದಿ ತಿರುಗಿದರೆ ಹಿಂದಿನ ತುದಿ ಇಡೀ ರಸ್ತೆಯನ್ನು ಗುಡಿಸುತ್ತಿತ್ತು. ಮೊದಲ ತಿರುವಿನಲ್ಲಿ ಟೀ ಅಂಗಡಿಯ ಬೆಂಚು ಹೋಯಿತು, ಬೆಂಚಿನ ಮೇಲಿದ್ದ ಇಬ್ಬರು ಅದಕ್ಕಿಂತ ಸ್ವಲ್ಪ ಮುಂಚೆ ಹೋದರು. ಎರಡನೆಯ ತಿರುವಿನಲ್ಲಿ ಹಾಲಿನವನ ಕ್ಯಾನು ಉರುಳಿತು. "ಜರುಗಿ! ಜರುಗಿ!" ಎಂದು ಕೂಗುತ್ತಾ ಟೈಲರಣ್ಣ ಸೇನಾಪತಿಯಂತೆ ಸಾಗಿದ. ಟೀ ಅಂಗಡಿಯವನು ಬೆಂಚು ಎತ್ತಿ ನಿಲ್ಲಿಸುತ್ತಾ, "ಈ ಮರಾನ ಎಲ್ಲೋ ನೋಡಿದ್ದೀನಲ್ಲ" ಅಂದ. ದಿನಾ ಎರಡು ಸಲ ಅದರ ಮೇಲೆ ಓಡಾಡಿದ್ದವನಿಗೆ ಅದರ ಪಕ್ಕೆಯ ಗುರುತಿರಲಿಲ್ಲ.

ಮನೆಯ ಅಂಗಳದಲ್ಲಿ ಗರಗಸ ಹಿಡಿದು ಕೂತ. ಮೂವತ್ತು ವರ್ಷ ಊರವರ ತುಳಿತ ತಿಂದು ಕಲ್ಲಾಗಿದ್ದ ದಿಮ್ಮಿ ಅದು. ಹತ್ತು ನಿಮಿಷದಲ್ಲಿ ಗರಗಸದ ಏಳು ಹಲ್ಲು ಉದುರಿದವು, ದಿಮ್ಮಿಯ ಮೇಲೆ ಉಗುರಿನಲ್ಲಿ ಗೀರಿದಷ್ಟು ಗುರುತು ಬಿತ್ತು.

"ಇದು ಉರಿಯೋ ಹಾಗೆ ಕಾಣ್ಸಲ್ಲ ರೀ," ಅಂದಳು ಹೆಂಡತಿ.

"ಒಳ್ಳೇ ಮರ ಕಣೇ. ಒಳ್ಳೇ ಮರ ಸುಲಭಕ್ಕೆ ಬಗ್ಗಲ್ಲ."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗದ್ದಲ. ಟೀ ಅಂಗಡಿಯವನು ಏದುಸಿರು ಬಿಡುತ್ತಾ ಓಡಿಬಂದ. "ಟೈಲರಣ್ಣಾ! ಗೊತ್ತಾಯ್ತು, ಎಲ್ಲಿ ನೋಡಿದ್ದು ಅಂತ ಗೊತ್ತಾಯ್ತು! ಆಚೆಕೇರಿ ದಂಡೇಲಿ ಐವತ್ತು ಜನ ನಿಂತಿದ್ದಾರೆ. ನಿಮ್ಮ ಭಾವನೂ ನಿಂತಿದ್ದಾರೆ, ಗೀಸರ್ ಹೊತ್ಕೊಂಡು!"

ಟೈಲರಣ್ಣ ಹಳ್ಳಕ್ಕೆ ಓಡಿದ. ಈ ದಂಡೆಯಲ್ಲಿ ಅರ್ಧ ಊರು, ಆ ದಂಡೆಯಲ್ಲಿ ಇಡೀ ಆಚೆಕೇರಿ. ತಾನು ಮಾಡಿದ್ದೇನೆಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಿಂದ ಭೂಮಿಗಿಳಿದು ಹೋದ. 'ತಪ್ಪಾಯ್ತು, ಈಗಲೇ ತಂದಿಡ್ತೀನಿ' ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ದೇವರಾಣೆ ಬಂದಿತ್ತು. ಅದು ಬಾಯಿಗೆ ಬರುವ ಮೊದಲೇ, ಸುದ್ದಿ ತಿಳಿದು ಬಂದಿದ್ದ ಫಾರೆಸ್ಟ್ ಗಾರ್ಡು ಎಲ್ಲರ ಮುಂದೆ ಒಂದು ಕಾಗದ ಬಿಚ್ಚಿ ಗಟ್ಟಿಯಾಗಿ ಓದಿದ:

"'ಕಳವು ಮಾಡಿದ ದಿಮ್ಮಿಯನ್ನು ಹಿಂತಿರುಗಿಸಲು ಒಪ್ಪಿರುತ್ತೇನೆ.' ಇಲ್ಲಿ ಸಹಿ ಹಾಕು. ದಂಡ ಇಲ್ಲ, ಕೇಸಿಲ್ಲ. ನಿನ್ನ ಪುಣ್ಯ."

ಟೈಲರಣ್ಣ ಆ ಕಾಗದ ನೋಡಿದ. ಒಂದೇ ಪದ ಕಂಡಿತು. "ಕಳವು ಅನ್ನೋದನ್ನ ಹೊಡೆದುಹಾಕಿ. ಸಹಿ ಹಾಕ್ತೀನಿ."

"ಮತ್ತೇನಂತ ಬರೀಲಿ? ಫಾರಂನಲ್ಲಿ ಇರೋದೇ ಹಾಗೆ. ಒಂದು ಪದ ತಾನೆ ಮಾರಾಯ!"

"ಒಂದೇ ಪದ ಆದ್ರೆ ನೀವೇ ಇಟ್ಕೊಳ್ಳಿ. ನಾನು ಕದ್ದಿಲ್ಲ. ಅದರ ಮೇಲೆ ಕಲ್ಲಿರಲಿಲ್ಲ."

"ಸೇತುವೆ ಮೇಲೆ ಯಾರಯ್ಯಾ ಕಲ್ಲಿಡ್ತಾರೆ?" ಎಂದು ಮೂರು ಜನ ಒಟ್ಟಿಗೆ ಕಿರುಚಿದರು.

"ಕೇಳಿ ಅಜ್ಜೀನ!" ಟೈಲರಣ್ಣ ಆಚೆ ದಂಡೆಗೆ ಕೈ ತೋರಿಸಿದ. ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ತಲೆಯ ಮೇಲಿನ ಹೊರೆ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, ಬಹಳ ಹೊತ್ತು ಯೋಚಿಸಿದಳು. ಬೆಳಿಗ್ಗೆಯಷ್ಟೇ ತಾನು ಹೇಳಿದ ಕಾನೂನು. ಸಂಜೆಗೆ ಬದಲಾಯಿಸುವ ಹೆಂಗಸಲ್ಲ.

"ಕಲ್ಲಿರಲಿಲ್ಲ," ಅಂದಳು. "ದಿಮ್ಮಿ ಅವನದೇ. ಕಳ್ಳ ಅನ್ನೋ ಹಾಗಿಲ್ಲ. ಬುದ್ಧಿ ಕಮ್ಮಿ ಅನ್ನಬಹುದು." ಆಮೇಲೆ ಧ್ವನಿಯೇರಿಸಿದಳು. "ಆದ್ರೆ ಕೇಳಯ್ಯಾ, ಮರ ನಿಂದು, ದಾರಿ ನಮ್ದು. ದಿಮ್ಮಿ ನೀನಿಟ್ಕೋ, ದಾರಿ ವಾಪಸ್ ಕೊಡು."

"ಬೇರೆ ದಿಮ್ಮಿ ಹಾಕಿದ್ರಾಯ್ತಪ್ಪ," ಅಂದ ಟೀ ಅಂಗಡಿಯವನು.

"ಹಾಕಿ ನೋಡೋಣ!" ಗಾರ್ಡು ಗುಡುಗಿದ. "ಹಳೇದು ನಾನು ಡ್ಯೂಟಿಗೆ ಬರೋ ಮುಂಚೆ ಬಿದ್ದಿದ್ದು. ನನ್ನ ಡ್ಯೂಟೀಲಿ ಹೊಸ ಮರ ಬೀಳಬೇಕಂದ್ರೆ ಮೇಲಿನ ಆಫೀಸಿಂದ ಆರ್ಡರ್ ಬರಬೇಕು."

ಟೈಲರಣ್ಣ ಪಂಚೆ ಎತ್ತಿ ಕಟ್ಟಿ ಹಳ್ಳಕ್ಕಿಳಿದ. ಆ ಚಳಿಯಲ್ಲಿ ನೀರು ಕೊಯ್ಯುತ್ತಿತ್ತು. ನೇರವಾಗಿ ಆಚೆ ದಂಡೆಗೆ ಹೋಗಿ ಬೆನ್ನು ಬಗ್ಗಿಸಿ ನಿಂತ. "ಹತ್ತಿ. ದಾರಿ ನಾನು ಕೊಡ್ತೀನಿ."

ಮೊದಲು ಹತ್ತಿದವರು ಹೆಂಡತಿಯ ಅಣ್ಣ. ಸೊಂಟ ನಲವತ್ತೆರಡು, ಮೇಲೆ ಗೀಸರು. ನೀರಿನ ನಡುವೆ ಅವರು ಮೆಲ್ಲಗೆ ಕೇಳಿದರು: "ಭಾವ, ನಿಮ್ಮ ಕೈಲಿ ಆಗತ್ತಾ?"

"ಮಾತಾಡಬೇಡಿ ಭಾವ. ಮಾತಾಡಿದ್ರೆ ಭಾರ ಜಾಸ್ತಿ ಆಗತ್ತೆ."

ಮೂವತ್ತು ವರ್ಷದಲ್ಲಿ ಅವನು ಭಾವನಿಗೆ ಬಾಯಿ ಮುಚ್ಚಿ ಎಂದದ್ದು ಅದೇ ಮೊದಲು. ಅವರು ಮುಚ್ಚಿದರು.

ಮಾರನೆಯ ದಿನದ ಹೊತ್ತಿಗೆ ಟೈಲರಣ್ಣ ಕಟಿಂಗ್ ಟೇಬಲ್ಲಿನ ದಪ್ಪ ಹೊದಿಕೆ ಬಿಚ್ಚಿ, ಎರಡು ಪದರ ಮಾಡಿ, ನಾಲ್ಕು ಸಾಲು ಹೊಲಿಗೆ ಹಾಕಿ, ಭುಜಕ್ಕೆ ನೇತುಹಾಕುವ ಒಂದು ಆಸನ ಹೊಲಿದಿದ್ದ. ಅದರಲ್ಲಿ ಹಿಂದುಮುಂದಾಗಿ ಕೂರಬೇಕು. ಹೋಗುವ ದಂಡೆ ಕಾಣುವುದಿಲ್ಲ, ಬಿಟ್ಟು ಬಂದ ದಂಡೆಯೇ ಕಾಣುತ್ತದೆ. ಹೇಳಿದ ದಿನಕ್ಕೆ ಅವನು ಹೊಲಿದು ಮುಗಿಸಿದ ಮೊದಲ ಸಾಮಾನು ಅದು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಹಳ್ಳದಲ್ಲಿ. ನರ್ಸಮ್ಮನನ್ನು ದಾಟಿಸಿದ, ಎರಡು ಮೇಕೆಗಳನ್ನು ದಾಟಿಸಿದ, ದಿನವಿಡೀ ಕಳ್ಳ ಎಂದು ಬೈಯುತ್ತಿದ್ದ ಹಾಲಿನವನನ್ನೂ ದಾಟಿಸಿದ. ಸೊಂಟದ ಅಳತೆ ನೋಡಿ ಉಸಿರು ಎಷ್ಟು ಎಳೆದುಕೊಳ್ಳಬೇಕೆಂದು ಲೆಕ್ಕ ಹಾಕುತ್ತಿದ್ದ. ಅಜ್ಜಿ ಮಾತ್ರ ಸೀರೆ ಎತ್ತಿಕೊಂಡು ತಾನೇ ನಡೆದು ದಾಟುತ್ತಿದ್ದಳು. "ನನ್ನ ಮಂಡಿ ನಿನ್ನ ಮಂಡಿಗಿಂತ ಗಟ್ಟಿ ಇದೆ, ಜರುಗು" ಅನ್ನುತ್ತಿದ್ದಳು.

ಎಲ್ಲರೂ ಬುದ್ಧಿ ಹೇಳಿದವರೇ. ಸಹಿ ಹಾಕಿ ಕೈ ತೊಳೆದುಕೋ ಎಂದವರೇ. ಗಾರ್ಡು ದಿನಕ್ಕೆರಡು ಸಲ ದಂಡೆಗೆ ಬಂದು ಕಾಗದ ಬೀಸುತ್ತಿದ್ದ. ಟೈಲರಣ್ಣ ದಿನಕ್ಕೆರಡು ಸಲ "ಆ ಪದ ಹೊಡೆದ್ರಾ?" ಎಂದು ಕೇಳಿ ಮುಂದಿನ ಸವಾರಿ ಹತ್ತಿಸಿಕೊಳ್ಳುತ್ತಿದ್ದ.

ಮೂರನೆಯ ದಿನ ಟೀಚರಮ್ಮ ಅಂಗಡಿಗೆ ಬಂದರು. ಹೊಲಿಯಲು ಕೊಟ್ಟಿದ್ದ ಎರಡು ರವಿಕೆ ಬಟ್ಟೆ ವಾಪಸು ಕೇಳಿದರು. ಕೊಟ್ಟ. ಅವರು ಅವನೆದುರೇ ಅದನ್ನು ಬಿಡಿಸಿ, ಮೊಳ ಹಾಕಿ ಅಳೆದರು. ಸರಿಯಾಗಿತ್ತು. ಮಡಚಿಕೊಂಡು ಹೋದರು. ಅವರ ಹಿಂದೆಯೇ ಇನ್ನಿಬ್ಬರು ಬಂದರು. ಸಂಜೆಯ ಹೊತ್ತಿಗೆ ಕಪಾಟು ಖಾಲಿ.

ಟೈಲರಣ್ಣ ಮನೆಗೆ ಬಂದು ದಿಮ್ಮಿಯ ಮೇಲೆ ಕೂತ. ಹೆಂಡತಿ ಅವನ ಕಾಲಿಗೆ ಬಿಸಿನೀರಿನ ಬಟ್ಟೆ ಒತ್ತಿದಳು. ಅದು ಗೀಸರಿನ ನೀರು. ಆ ವಿಷಯ ಇಬ್ಬರೂ ಎತ್ತಲಿಲ್ಲ.

"ಕೊಯ್ಯೋಕಾಗಲ್ಲ, ಉರಿಯಲ್ಲ. ಯಾಕ್ರೀ ಈ ಹಟ? ಕೊಟ್ಟುಬಿಡಿ."

"ನನಗೆ ಮರ ಬೇಡ ಕಣೇ. ಇವತ್ತೇ ಕೊಡ್ತೀನಿ, ಹೊತ್ಕೊಂಡು ಹೋಗಿ ಕೊಡ್ತೀನಿ. ಆದ್ರೆ ಆ ಕಾಗದಕ್ಕೆ ಸಹಿ ಹಾಕಿದ್ರೆ ನಾಳೆಯಿಂದ ಯಾರು ನನ್ನ ಕೈಗೆ ಬಟ್ಟೆ ಕೊಡ್ತಾರೆ? ಇಷ್ಟು ವರ್ಷ ಚಿಂದಿ ಗಂಟು ಕಟ್ಟಿಕೊಟ್ಟಿದ್ದು ಯಾಕೆ? ಹಳ್ಳದಲ್ಲೇ ಸತ್ರೂ ಸರಿ, ಹಾಕಲ್ಲ."

ಹೆಂಡತಿ ಬಟ್ಟೆ ಹಿಂಡಿ ಮತ್ತೆ ಕಾಲಿಗೆ ಒತ್ತಿದಳು. "ಸಾಯೋದೇನೂ ಬೇಡ," ಅಂದಳು. "ನಾಳೆ ಉಣ್ಣೆ ಕಾಲುಚೀಲ ಹಾಕ್ಕೊಂಡು ಇಳೀರಿ."

ಐದನೆಯ ದಿನ ಅರಣ್ಯದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಕಾಡಿನ ಆ ಬದಿಯಿಂದ ಬಂದವರು ಆಚೆಕೇರಿ ದಂಡೆಯಲ್ಲಿ ಬಂದು ನಿಂತರು; ಜೀಪು ಈ ದಂಡೆಯಲ್ಲಿತ್ತು. ಅದೇ ವಾರ ಕೊಂಡ ಬೂಟು, ಕನ್ನಡಿಯಂಥದು. ಜೊತೆಗಿದ್ದ ಗಾರ್ಡು ಅವಸರದಿಂದ, "ಸಾರ್, ಇಲ್ಲಿ ಹೊರೋ ವ್ಯವಸ್ಥೆ ಇದೆ ಸಾರ್" ಎಂದು ಸಾಹೇಬರನ್ನು ಆಸನದಲ್ಲಿ ಕೂರಿಸಿ, ತಾನು ಫೈಲನ್ನು ತಲೆಯ ಮೇಲೆತ್ತಿ ಹಿಡಿದು ನೀರಿನಲ್ಲಿ ಹಿಂಬಾಲಿಸಿದ.

ನಡು ಹಳ್ಳಕ್ಕೆ ಬಂದಾಗ ಸಾಹೇಬರಿಗೆ ಏನೋ ನೆನಪಾಯಿತು. "ಇಲ್ಲೊಂದು ದಿಮ್ಮಿ ಇತ್ತಲ್ಲ?"

"ಇತ್ತು ಸಾರ್," ಅಂದ ಟೈಲರಣ್ಣ. "ಈಗ ನಮ್ಮ ಮನೇಲಿದೆ."

"ಓಹೋ! ಗಾರ್ಡು ಹೇಳಿದ ಕಳ್ಳ ನೀನೇನಾ?"

ಟೈಲರಣ್ಣ ನಿಂತ. ನೀರು ಅವನ ತೊಡೆಯ ಸುತ್ತ ಸುಳಿಯುತ್ತಿತ್ತು. "ಇಳೀರಿ ಸಾರ್."

"ಏನಂದೆ?"

"ಕಳ್ಳನ ಬೆನ್ನ ಮೇಲೆ ಸಾಹೇಬರು ಕೂರಬಾರದು. ನಿಮ್ಮ ಮರ್ಯಾದೆ ಪ್ರಶ್ನೆ. ಇಳೀರಿ."

"ಏಯ್, ನಡಿ ಮುಂದೆ!"

"ನಾನು ಕಳ್ಳ ಅಲ್ಲ ಅಂದ್ರೆ ನಡೀತೀನಿ. ಹೌದು ಅಂದ್ರೆ ಇಲ್ಲೇ ಬಿಡಿಸಿ ಇಳಿಸ್ತೀನಿ. ಆಸನಕ್ಕಿರೋದು ಎರಡು ಗುಂಡಿ ಅಷ್ಟೇ ಸಾರ್, ಬಿಚ್ಚೋಕೆ ಹೊತ್ತಾಗಲ್ಲ. ಯಾವುದು ಅಂತ ಹೇಳಿ."

ಸಾಹೇಬರು ಬೂಟು ನೋಡಿಕೊಂಡರು. ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದರಿಂದ ಅವರಿಗೆ ಟೈಲರಣ್ಣನ ಮುಖ ಕಾಣುತ್ತಿರಲಿಲ್ಲ. ಎದುರಿಗಿದ್ದದ್ದು ಇಂಗು ತಿಂದ ಮಂಗನಂತೆ ನಿಂತಿದ್ದ ಗಾರ್ಡು. ಅವನ ಮೇಲೆಯೇ ಹರಿಹಾಯ್ದರು. "ಏನ್ರೀ ಇದು? ಕೊಡ್ರೀ ಆ ಕಾಗದ!"

ಆ ಹೊತ್ತಿಗೆ ಎರಡೂ ದಂಡೆ ತುಂಬಿತ್ತು. ಟೀ ಅಂಗಡಿಯವನು ಅಂಗಡಿ ಬಿಟ್ಟು ಬಂದಿದ್ದ. ಟೀಚರಮ್ಮ ಮಕ್ಕಳನ್ನು ಬಿಟ್ಟು ಬಂದಿದ್ದರು.

"ಕಲ್ಲಿರಲಿಲ್ಲ!" ಆಚೆ ದಂಡೆಯಿಂದ ಅಜ್ಜಿ ಕೂಗಿದಳು.

"ಯಾವ ಕಲ್ಲು?" ಎಂದರು ಸಾಹೇಬರು. ಅದಕ್ಕೆ ಎರಡೂ ದಂಡೆಯವರು ಒಟ್ಟಿಗೆ ವಿವರಣೆ ಕೊಟ್ಟರು. ಏನೂ ಅರ್ಥವಾಗದಿದ್ದರೂ ಸಾಹೇಬರಿಗೆ ಒಂದು ವಿಷಯ ಸ್ಪಷ್ಟವಾಯಿತು: ಆಸನ ಸ್ವಲ್ಪ ಕೆಳಗೆ ಜಾರಿತ್ತು, ಬೂಟಿನ ಹಿಮ್ಮಡಿಗೂ ನೀರಿಗೂ ನಾಲ್ಕು ಬೆರಳು ಮಾತ್ರ ಉಳಿದಿತ್ತು.

"ಏನಂತ ಬರೀಬೇಕು ಹೇಳಪ್ಪಾ," ಅಂದರು ಪೆನ್ನು ತೆಗೆದು.

"ನಡೆದದ್ದು ಬರೀರಿ ಸಾರ್. ಸೌದೆ ಅಂತ ತಿಳಿದು ತಂದ. ಸೇತುವೆ ಅಂತ ಗೊತ್ತಾದ ಮೇಲೆ ಕೊಟ್ಟ."

"ಎಲ್ಲಿ ಕೊಟ್ಟ? ಐದು ದಿನ ಆಯ್ತಲ್ಲ ಸಾರ್!" ಎಂದ ಗಾರ್ಡು.

"ಕಳ್ಳ ಅಂದ್ರು, ಅದಕ್ಕೆ ಕೊಡಲಿಲ್ಲ. ಅದನ್ನೂ ಬರೀರಿ."

ಸಾಹೇಬರು ಮಂಡಿಯ ಮೇಲೆ ಫೈಲಿಟ್ಟುಕೊಂಡು ಅದನ್ನೂ ಬರೆದರು. 'ಕಳವು' ಎಂಬ ಪದದ ಮೇಲೆ ಎರಡು ಗೆರೆ ಎಳೆದರು. ಟೈಲರಣ್ಣ ಆದರೂ ಹೆಜ್ಜೆ ಎತ್ತಲಿಲ್ಲ. "ಗಟ್ಟಿಯಾಗಿ ಓದಿ ಸಾರ್. ಅವತ್ತು ಗಾರ್ಡು ಎಲ್ಲರ ಮುಂದೆ ಓದಿದ್ರು." ಸಾಹೇಬರು ಓದಿದರು. "ಆಚೆಕೇರಿಗೂ ಕೇಳಿಸಲಿ ಸಾರ್." ಮತ್ತೊಮ್ಮೆ, ಕತ್ತಿನ ನರ ಉಬ್ಬುವ ಹಾಗೆ ಓದಿದರು. ಆಮೇಲೆ ಟೈಲರಣ್ಣ ಸಾಹೇಬರನ್ನು ಒಂದು ಹನಿ ತಾಗದಂತೆ ದಂಡೆಗಿಳಿಸಿ, ಕೈ ಒರೆಸಿಕೊಂಡು, ಸಹಿ ಹಾಕಿದ.

ಅಲ್ಲಿಂದ ಸೀದಾ ಮನೆಗೆ ಹೋಗಿ ದಿಮ್ಮಿಯನ್ನು ಸೈಕಲ್ಲಿಗೆ ಬಿಗಿದ. ಭಾವ ಅಂಗಿಯ ತೋಳು ಮಡಚಿಕೊಂಡು ಹಿಂದಿನ ತುದಿಗೆ ಕೈಹಾಕಲು ಬಂದರು. "ಬಿಡಿ ಭಾವ. ತಂದವನು ನಾನು, ಇಡೋನೂ ನಾನೇ" ಅಂದ. ತಿರುವಿನಲ್ಲಿ ಟೀ ಅಂಗಡಿಯವನು ಮುಂಚಿತವಾಗಿಯೇ ಬೆಂಚು ಒಳಗಿಟ್ಟುಕೊಂಡ. ಸಂಜೆಯ ಹೊತ್ತಿಗೆ ದಿಮ್ಮಿ ಹಳ್ಳದ ಮೇಲೆ ತನ್ನ ಜಾಗದಲ್ಲಿತ್ತು, ಜನ ಏನೂ ಆಗಿಲ್ಲವೆಂಬಂತೆ ಅದರ ಮೇಲೆ ಓಡಾಡುತ್ತಿದ್ದರು.

ಊಟದ ಹೊತ್ತಿನಲ್ಲಿ ಹೆಂಡತಿಯ ಅಣ್ಣ ಗಂಟಲು ಸರಿಮಾಡಿಕೊಂಡು, "ಸದ್ಯ ಗೀಸರ್ ಇದೆಯಲ್ಲ, ಇನ್ನು ಸೌದೆ ಗೋಜು ಬೇಡ ಬಿಡಿ" ಅಂದರು.

"ಭಾನುವಾರ ಮತ್ತೆ ಕಾಡಿಗೆ ಹೋಗ್ತೀನಿ," ಅಂದ ಟೈಲರಣ್ಣ.

"ನಾನೂ ಬರ್ತೀನಿ," ಅಂದಳು ಹೆಂಡತಿ. "ಯಾವುದು ಸೌದೆ, ಯಾವುದು ರಸ್ತೆ ಅಂತ ಹೇಳೋಕೆ ಒಬ್ಬರು ಬೇಕಲ್ಲ."

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಖಾಲಿ ಕಪಾಟಿನ ಧೂಳು ಒರೆಸುತ್ತಿದ್ದಾಗ ಮೊದಲ ಗಿರಾಕಿ ಬಂದ. ಫಾರೆಸ್ಟ್ ಗಾರ್ಡು. ಕಂಕುಳಲ್ಲಿ ಖಾಕಿ ಬಟ್ಟೆಯ ಸುರುಳಿ. ಹಳ್ಳದಲ್ಲಿ ನೆಂದ ಪ್ಯಾಂಟು ಕುಗ್ಗಿ ಹೋಗಿತ್ತಂತೆ. ಟೇಬಲ್ಲಿನ ಮೇಲೆ ಸುರುಳಿ ಇಟ್ಟು, ಬೇರೆಲ್ಲೋ ನೋಡುತ್ತಾ, "ಒಂದು ಪ್ಯಾಂಟು ಆಗಬೇಕು ಟೈಲರಣ್ಣ. ಯಾವಾಗ ಆದ್ರೂ ಪರವಾಗಿಲ್ಲ" ಅಂದು ಹೊರಟ.

"ನಿಲ್ಲಿ," ಅಂದ ಟೈಲರಣ್ಣ. ಬಟ್ಟೆ ಬಿಡಿಸಿದ. ಬೀದಿಯಲ್ಲಿ ಹೋಗುತ್ತಿದ್ದ ಟೀಚರಮ್ಮನಿಗೂ ಎದುರಿನ ಹಾಲಿನವನಿಗೂ ಕಾಣುವ ಹಾಗೆ ಬಾಗಿಲಿಗೆ ತಂದು, ಟೇಪು ಎಳೆದು ಅಳೆದ. "ಒಂದೂಕಾಲು ಮೀಟರು. ಬರ್ಕೊಳ್ಳಿ."

"ಅಯ್ಯೋ, ಬೇಡ ಬಿಡಿ! ನಿಮ್ಮ ಮೇಲೆ ನನಗೆ ನಂಬಿಕೆ ಇಲ್ವಾ?"

"ನಿಮ್ಮ ನಂಬಿಕೆ ನಿಮ್ಮ ಹತ್ರಾನೇ ಇರಲಿ," ಅಂದ ಟೈಲರಣ್ಣ, ಸೀಮೆಸುಣ್ಣದ ಜೊತೆಗಿದ್ದ ಪೆನ್ಸಿಲನ್ನು ಅವನ ಮುಂದೆ ಇಡುತ್ತಾ. "ಬರೆಯೋದು ನಿಮ್ಮ ಕೆಲಸ. ಬರ್ಕೊಳ್ಳಿ. ಈ ಸಲ ಸರಿಯಾಗಿ ಬರ್ಕೊಳ್ಳಿ."

ಗಾರ್ಡು ನಿಂತಲ್ಲೇ ಜೇಬಿನಿಂದ ಒಂದು ಚೀಟಿ ತೆಗೆದು ಬರೆದುಕೊಂಡ.